ಗಂಡನ ಹೆಸರಿನ ಖಾನೆ

ಕುತ್ತಿಗೆಯ ಹಿಂದೆ ಎಲ್ಲಿಂದಲೋ ಬಂದು ಕೂರುತ್ತಿರುವ ಈ ಏಸಿಯ ತಂಪು, ಸೆರಗು ಎಳೆದು ಮುಚ್ಚಿಕೊಂಡರೂ ಬಿಡುತ್ತಿಲ್ಲ, ಹೊರಗೆ ಮಾಘದ ಬಿಸಿಲು ಆಗಲೇ ಚುರುಕಾಗಿದೆ, ಗೇಟಿನ ಬೇವು ಎಲೆ ಉದುರಿಸುತ್ತಿದೆ, ನಮ್ಮ ಸೇಡಂ ಕಡೆ ಈಗ ಕಡಲೆ ಕೀಳುವ ದಿನಗಳು, ನಸುಕಿನಲ್ಲೇ ಹೊಲಕ್ಕೆ ಇಳಿಯಬೇಕು, ಇಬ್ಬನಿ ಆರಿತೆಂದರೆ ಕಾಯಿ ಸಿಡಿದು ಕಾಳು ಮಣ್ಣುಪಾಲು, ಗಿಡದ ಹುಳಿ ಹತ್ತಿ ಬೆರಳು ಚುರುಗುಡುತ್ತವೆ, ನನ್ನ ಬೆರಳು ಮಾತ್ರ ಇಲ್ಲಿ ಹೊಸ ಕೈಚೀಲಗಳ ಗಂಜಿ ವಾಸನೆ ಹಿಡಿದು ಕೂತಿವೆ — ಬೆಳಿಗ್ಗೆ ಏಳರಿಂದ ಚೀಲಕ್ಕೊಂದು ಪೆನ್ನು, ಒಂದು ನೋಟ್‌ಬುಕ್ಕು, ಒಂದು ಊಟದ ಚೀಟಿ, ನಾನೂರು ಚೀಲ, ಕೊನೆಯ ಹತ್ತು ಉಳಿದಾಗ ಡಾಕ್ಟರ್ ಸ್ನೇಹಲತಾ ಮೇಡಂ ಬಂದು, ಸಾಕ್ರಿ ಶಿವದೇವಿ, ಒಳಗ ಹೋಗಿ ಕೂಡ್ರಿ, ಇವತ್ತ ನೀವು ಕೆಲಸದಾಕಿ ಅಲ್ಲ, ಅತಿಥಿ, ಅಂದರು. ಅತಿಥಿ ಎಂದು ಮೂರನೆಯ ಸಾಲಿನ ತುದಿ ಕುರ್ಚಿ, ಕೊರಳಲ್ಲಿ ಬಿಲ್ಲೆ, ಬಿಲ್ಲೆಯ ಮೇಲೆ ನನ್ನ ಹೆಸರು, ಅದಕ್ಕೆ ಅಂಟಿಕೊಂಡು ನಮ್ಮ ಮನೆಯವರ ಹೆಸರು, ಹದಿನಾರು ವರ್ಷದ ಸಂಸಾರದಲ್ಲಿ ನಾನು ಒಮ್ಮೆಯೂ ಬಾಯಿಬಿಟ್ಟು ಬರಿದೇ ಆಡದ ಹೆಸರನ್ನು ಎದೆಯ ಮೇಲೆ ತೂಗುಹಾಕಿಕೊಂಡು ನಾನೂರು ಜನರೆದುರು ಓಡಾಡುವುದೆಂದರೆ, ಬಿಲ್ಲೆಯನ್ನು ಹಿಂದುಮುಂದು ತಿರುಗಿಸಿಕೊಂಡಿದ್ದೇನೆ, ಅದು ಮತ್ತೆ ಮತ್ತೆ ತಾನೇ ಹೊರಳುತ್ತದೆ. ವೇದಿಕೆಯ ಮೇಲೆ ಬಿಳಿ ಹುಬ್ಬಿನ ಪ್ರೊಫೆಸರೊಬ್ಬರು, ಕ್ಯಾನ್ಸರ್ ತರುವ ವೈರಸ್ಸುಗಳು ಎಂಬ ಈ ಮೂರು ದಿನದ ಸಮ್ಮೇಳನಕ್ಕೆ ಎಲ್ಲಿಂದಲೋ ವಿಮಾನ ಹತ್ತಿ ಬಂದವರು, ಇಂಗ್ಲಿಷಿನಲ್ಲಿ ಅರ್ಧ ನನಗೆ ತಿಳಿಯುತ್ತದೆ, ಚಿತ್ರ ನೋಡಿದರೆ ಇನ್ನರ್ಧ, ಒಂದು ಯಕೃತ್ತಿಗೆ ಹೋಗುವುದಂತೆ, ಒಂದು ಗಂಟಲಿಗೆ, ಒಂದು ಗರ್ಭಚೀಲದ ಬಾಯಿಗೆ, ಒಳಸೇರಿ ವರ್ಷಗಟ್ಟಲೆ ಮನೆಯವರ ಹಾಗೆ ಇದ್ದುಬಿಡುತ್ತದೆ, ನಮ್ಮೂರಿನಲ್ಲಿ ಜೋಳದ ಬೇರಿಗೆ ಹತ್ತುವ ಕಸ ಹೀಗೆಯೇ, ನೆಲದ ಮೇಲೆ ಅದರ ಹೂವು ಕಾಣುವಷ್ಟರಲ್ಲಿ ಕೆಳಗೆ ಬೇರಿನ ರಸವೆಲ್ಲ ಮುಗಿದಿರುತ್ತದೆ, ಅಪ್ಪ ತೆನೆ ಹಿಡಿಯದ ದಂಟು ಕಿತ್ತು ತೋರಿಸುತ್ತಿದ್ದ, ನೋಡು ಶಿವಿ, ಕಂಡಾಗ ಕಿತ್ತರ ಏನೂ ಉಪಯೋಗಿಲ್ಲ, ಕಾಣೂಕ್ಕಿಂತ ಮೊದಲ ಗೊತ್ತಾಗಬೇಕು. ಕಾಣುವುದಕ್ಕಿಂತ ಮೊದಲು ಗೊತ್ತಾಗಲಿ ಎಂದೇ ತಾನೇ ಮೇಡಂ ಈ ಕೆಲಸ ಹಿಡಿದದ್ದು, ನನ್ನನ್ನು ಹಿಡಿದದ್ದು. ಗೊತ್ತಾಗಿತ್ತು. ಗೊತ್ತಾದದ್ದನ್ನು ನಾನು ಒಯ್ದು ಬೇರೆಯವರ ಮನೆಗೆ ಕೊಟ್ಟೆ.

ಮೇಡಂ ಬೀದರಿನವರು, ನನ್ನ ಕನ್ನಡ ಕೇಳಿಯೇ ಕೆಲಸಕ್ಕೆ ತೆಗೆದುಕೊಂಡದ್ದು, ಬಾಲಾನಗರದಲ್ಲಿ ಏಳುತ್ತಿರುವ ಕಟ್ಟಡಗಳ ಕೆಳಗಿನ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ಸೇಡಂ, ಚಿಂಚೋಳಿಯ ಹೆಂಗಸರೇ ತುಂಬಿದ್ದಾರೆ, ಅವರೊಂದಿಗೆ ಅವರ ಮಾತಿನಲ್ಲಿ ಆಡುವವರು ಬೇಕಿತ್ತು, ನಾನಿರುವ ಕೂಕಟ್‌ಪಲ್ಲಿಯಿಂದ ಒಂದೇ ಮೆಟ್ರೋ ಸ್ಟೇಶನ್ನಿನ ದಾರಿ. ಗರ್ಭಚೀಲದ ಬಾಯಿಯ ವೈರಸ್ಸಿನ ಪರೀಕ್ಷೆ, ಇಷ್ಟೇ ಉದ್ದದ ಬ್ರಶ್ಶು, ಅವ್ವಾ, ನೀವ ತಡಕಿ ಮರೆಗೆ ಹೋಗಿ ನೀವ ತಗೋರಿ, ಡಾಕ್ಟರ್ ಮುಟ್ಟಂಗಿಲ್ಲ, ಯಾರೂ ನೋಡಂಗಿಲ್ಲ, ಆಮೇಲೆ ಈ ನಳಿಗೆಯೊಳಗೆ ಹಾಕಿ ಮುಚ್ಚಳ ತಿರುವಿ. ನಳಿಗೆಗೆ ಒಂದು ನಂಬರಿನ ಚೀಟಿ, ಅದೇ ನಂಬರು ಫಾರ್ಮಿಗೂ, ಫಾರ್ಮಿನಲ್ಲಿ ಹೆಸರು, ವಯಸ್ಸು, ಫೋನಿದ್ದರೆ ಅದರ ನಂಬರು, ಗಂಡನ ಹೆಸರು. ಗಂಡನ ಹೆಸರಿನ ಖಾನೆಗೆ ಬಂದರೆ ಎಲ್ಲರೂ ತಲೆ ತಗ್ಗಿಸಿ ನಗುವವರೇ, ನನಗೆ ಗೊತ್ತಿಲ್ಲವೇ, ಬರಿದೇ ಆಡಬಾರದು, ಎರಡು ಸಾಲಿನ ಒಡಪು ಕಟ್ಟಿ ಅದರೊಳಗೆ ಇಟ್ಟು ಆಡಬೇಕು, ಹಾಗಾಗಿ ಮೊದಲ ದಿನ ನಾನೇ, ಹಂಗಾರ ಒಂದೊಂದು ಒಡಪು ಹಾಕ್ರಿ, ಅಂದೆ, ಶಾರದಾಬಾಯಿ ಎಂಬ ಮುದುಕಿ ಎದ್ದು ನಿಂತು, ಕ್ರೇನಿನ ಮ್ಯಾಲ ಕೆಂಪು ದೀಪ, ಕ್ರೇನಿನ ಕೆಳಗ ಮಣ್ಣು, ಮಾಣಿಕಪ್ಪನ ಹೆಸರ ಹೇಳೂದ್ರಾಗ ತುಂಬಿದ್ವು ನನ್ನ ಕಣ್ಣು, ಅಂದಳು, ಕಣ್ಣು ತುಂಬಿದ್ದು ಹೆಸರಿಗಲ್ಲಬೇ ಮುದುಕಿ, ನಿನ್ನೆ ಆಂವ ಕುಡದ ಬಂದು ಒಲಿ ಒದ್ದನಲ್ಲ, ಆ ಹೊಗಿಗೆ, ಎಂದಳು ಇನ್ನೊಬ್ಬಳು, ಶೆಡ್ಡಿಗೆ ಶೆಡ್ಡೇ ನಕ್ಕಿತು. ನಕ್ಕಿತು ಎಂದು ನಾನೂ ನಕ್ಕೆ, ಆದರೆ ನಳಿಗೆಗಳ ತಣ್ಣಗಿನ ಡಬ್ಬಿ ಹಿಡಿದು ನಿಂತಿದ್ದ ಕೌಸ್ತುಭ, ಫಾರ್ಮುಗಳನ್ನು ಕಂಪ್ಯೂಟರಿಗೆ ಹಾಕುವ ಪುಣೆಯ ಹುಡುಗ, ಗಡಿಯಾರ ನೋಡಿದ, ದೀದಿ, ಯೇ ಗಾನಾ ಬಂದ್ ಕರೋ, ಫಾರ್ಮ್ ಭರೋ, ಎಂದ, ಹಾಡು ನಿಲ್ಲಿಸಿ ಫಾರ್ಮು ತುಂಬಬೇಕಂತೆ, ಹಾಗೆ ಎನ್ನುವಾಗ ತುಟಿಯ ಒಂದು ಮೂಲೆಯಲ್ಲಿ ನಕ್ಕ. ಆ ನಗು ನನಗೆ ತಾಗಿತು. ಕೈಯಲ್ಲಿ ಟ್ಯಾಬ್ ಹಿಡಿದವಳು ನಾನು, ಬೂಟು ಹಾಕಿಕೊಂಡವಳು, ಇವರ ಸಾಲಿನಲ್ಲಿ ಕೂತು ಒಡಪು ಕೇಳುವವಳೆಂದು ಅವನಿಗೆ ಕಂಡೆನಲ್ಲ ಎಂದು ನಾಚಿಕೆಯಾಯಿತು, ಮಾರನೆಯ ದಿನದಿಂದ ಒಡಪು ಬಿಟ್ಟೆ, ಯಾರಾದರೂ ಪಕ್ಕದವರು ಹೇಳಿದರೆ ಬರೆದುಕೊಂಡೆ, ಹೇಳದಿದ್ದರೆ ಖಾಲಿ, ಆಮೇಲೆ ನೋಡೋಣ. ಮೂರನೆಯ ದಿನ ಅವರಿಬ್ಬರು, ನಂಬರು ನಲವತ್ತೇಳು ಮತ್ತು ನಲವತ್ತೆಂಟು, ಇಬ್ಬರ ಹೆಸರೂ ಗದಿಗೆಮ್ಮ, ಅವರ ಊರಿನ ಮಠದ ಗದ್ದುಗೆಯ ಹೆಸರು, ಅಲ್ಲಿ ಮೂರು ಹೆಣ್ಣು ಹುಟ್ಟಿದರೆ ಒಬ್ಬಳಿಗೆ ಅದೇ, ನಲವತ್ತೇಳರವಳು ಎತ್ತರ, ಗಟ್ಟಿ ಧ್ವನಿಯವಳು, ಇನ್ನೊಬ್ಬಳು ಗಿಡ್ಡ, ಕೇಳಿದರೆ ಮಾತ್ರ ಮಾತಾಡುವವಳು, ಇಬ್ಬರೂ ಹೆಸರಿಗೆ ತಲೆ ತಗ್ಗಿಸಿದರು, ಐದು ಗಂಟೆ, ಡಬ್ಬಿಯ ಬರ್ಫು ಕರಗುತ್ತಿದೆ, ನಾನು ಎರಡೂ ಖಾನೆ ಬಿಟ್ಟು ಎದ್ದೆ. ಗಂಡಂದಿರು ಸೂಗಪ್ಪ, ಪರಮೇಶ ಎಂದು ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿತ್ತು, ಯಾರಿಗೆ ಯಾರು ಎಂಬುದಷ್ಟೇ ಉಳಿದದ್ದು. ಸಂಜೆ ಮನೆಯಲ್ಲಿ ಒಲೆಯ ಕಟ್ಟೆಯ ಮೇಲೆ ಫಾರ್ಮು ಹರಡಿಕೊಂಡು, ಕುಕ್ಕರಿನ ಎರಡನೆಯ ಸೀಟಿಗೂ ಮೂರನೆಯ ಸೀಟಿಗೂ ನಡುವೆ, ನೆನಪು ಮಾಡಿಕೊಂಡೆ — ಎತ್ತರದವಳು ಪರಮೇಶನ ತಾಟಿಗೆ ರೊಟ್ಟಿ ಹಾಕುತ್ತಿದ್ದಳು, ತಿನ್ನೋ, ಹೊಟ್ಟಿ ಬೆನ್ನಿಗೆ ಹತ್ತೇತಿ, ಎಂದು ಗದರುತ್ತಿದ್ದಳು, ಹಾಗೆ ಗದರುವವಳು ಹೆಂಡತಿಯಲ್ಲದೆ ಇನ್ಯಾರು. ನಲವತ್ತೇಳು, ಗದಿಗೆಮ್ಮ, ಗಂಡ ಪರಮೇಶ. ನಲವತ್ತೆಂಟು, ಗದಿಗೆಮ್ಮ, ಗಂಡ ಸೂಗಪ್ಪ. ಮೂರನೆಯ ಸೀಟಿ ಆಯಿತು, ಒಲೆ ಆರಿಸಿದೆ. ಅಷ್ಟೇ ಹೊತ್ತು ಹಿಡಿದದ್ದು.

ಮುನ್ನೂರಹನ್ನೆರಡು ಹೆಂಗಸರಲ್ಲಿ ಇಪ್ಪತ್ತೊಂಬತ್ತು ಮಂದಿಗೆ ವೈರಸ್ಸು ಎಂದು ಬಂತು, ಅದರಲ್ಲಿ ನಲವತ್ತೇಳು ಒಂದು. ಅತ್ತೆಯ ಕಣ್ಣಿನ ಆಪರೇಶನ್ನಿಗೆ ನಾನು ಊರಲ್ಲಿದ್ದೆ, ಅವಳ ಫಾರ್ಮಿನಲ್ಲಿ ಫೋನು ನಂಬರಿರಲಿಲ್ಲ, ಅಲ್ಲಿಂದಲೇ ಮೇಸ್ತ್ರಿಗೆ ಫೋನು ಮಾಡಿ, ಪರಮೇಶನ ಹೇಣ್ತಿ ಗದಿಗೆಮ್ಮನ್ನ ಸೋಮವಾರ ದವಾಖಾನಿಗೆ ಕಳಸ್ರಿ, ಎಂದೆ, ಅವನು ಸರಿಯಾಗಿಯೇ ಕಳಿಸಿದ, ಪರಮೇಶನ ಹೆಂಡತಿಯನ್ನೇ. ಗಿಡ್ಡ ಗದಿಗೆಮ್ಮ ಹೋಗಿ ಮಲಗಿದಳು, ವೈರಸ್ಸು ಬಂದವರಿಗೆ ಕಣ್ಣಿಗೆ ಏನೂ ಕಾಣದಿದ್ದರೂ ಆ ಜಾಗವನ್ನು ಬಿಸಿಯಿಂದ ಸುಡುವುದು ನಮ್ಮಲ್ಲಿಯ ಪದ್ಧತಿ, ಮುಂದೆ ಬೆಳೆಯಬಾರದೆಂದು, ಎರಡು ನಿಮಿಷದ ಕೆಲಸ, ಸುಟ್ಟರು. ನಿನಗ ಏನೂ ಇಲ್ಲವ್ವ, ಎಂದು ಎತ್ತರದವಳಿಗೆ ಚೀಟಿ ಹೋಯಿತು, ಅವಳು ಶೆಡ್ಡಿಗೆಲ್ಲ ಸಕ್ಕರೆ ಹಂಚಿದಳಂತೆ. ಹದಿನಾಲ್ಕು ತಿಂಗಳಾಯಿತು, ಅವಳೊಳಗೆ ಅದು ಹಾಗೇ ಇದೆಯೋ, ತಾನಾಗಿಯೇ ಹೋಯಿತೋ, ಬೆಳೆಯಿತೋ, ಯಾರಿಗೂ ಗೊತ್ತಿಲ್ಲ, ಅವಳಿಗಂತೂ ಹುಡುಕಬೇಕೆಂಬುದೇ ಗೊತ್ತಿಲ್ಲ. ನನಗೆ ಗೊತ್ತಾದದ್ದು ಹತ್ತೊಂಬತ್ತು ದಿನದ ಕೆಳಗೆ, ಸಮ್ಮೇಳನಕ್ಕೆ ಫೋಟೋ ಬೇಕು, ಚಿಕಿತ್ಸೆ ಆದ ಹೆಂಗಸಿನದು, ಮುಖ ಬೇಡ, ಕೈ ಸಾಕು ಎಂದು ಮೇಡಂ ಕಳಿಸಿದ್ದರು, ಮಧ್ಯಾಹ್ನ, ಗಂಟಲು ಒಣಗಿತ್ತು, ಶೆಡ್ಡಿನ ತಗಡಿಗೆ ಹೊಡೆದ ಮೊಳೆಗೆ ಒಂದು ಸ್ಟೀಲಿನ ಚರಿಗೆ ತೂಗುಹಾಕಿತ್ತು, ಕೊರಳಿಗೆ ಕೆಂಪು ದಾರ ಕಟ್ಟಿದ ಚರಿಗೆ, ಕೆಳಗೆ ನೀರಿನ ಡ್ರಮ್ಮು, ನಾನು ಕೈ ಚಾಚಿದೆ, ರೊಟ್ಟಿ ಬಡಿಯುತ್ತಿದ್ದ ಎತ್ತರದ ಗದಿಗೆಮ್ಮ ಕೂತಲ್ಲಿಂದಲೇ, ಅದನ್ನ ಮುಟ್ಟಬ್ಯಾಡ್ರಿ ಅಕ್ಕಾರ, ಅದು ನಮ್ಮ ಪರಮೇಶನ ಹೇಣ್ತೀದು, ಅಕಿಗೆ ಆ ರೋಗ ಐತೆಲ್ಲ, ಅದಕ್ಕ ದಾರ ಕಟ್ಟೇವಿ, ನಮ್ಮ ಚರಿಗಿಯೊಳಗ ಕೂಡಬಾರದಂತ, ಎಂದಳು. ಆಮೇಲೆ — ಬೇಡ, ಅದು ಬೇಡ, ಆಮೇಲೆ ನಾನು ಕೇಳಿದೆ, ಪರಮೇಶನ ಹೇಣ್ತಿ ನೀನಲ್ಲೇನವ್ವಾ. ಅವಳು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು, ಛೀ ಛೀ, ಆಂವ ನನ್ನ ಬೆನ್ನಾಗ ಹುಟ್ಟಿದ ತಮ್ಮರೀ ಅಕ್ಕಾರ, ನಿಮಗ ಬಿಸಲ ಬಡದೈತಿ, ನೆರಳಾಗ ಕೂಡ್ರಿ, ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಹಣೆಗೆ ಹಿಟ್ಟು ಹಚ್ಚಿಕೊಂಡು, ಮತ್ತೆ ದನಿ ತಗ್ಗಿಸಿ, ಎಂಟು ತಿಂಗಳ ಆಂವ ಮೇಸ್ತ್ರಿ ಶೆಡ್ಡಿನ್ಯಾಗ ಮಲಗತಿದ್ದ, ಅಕಿ ಎಲ್ಲಿಂದ ತಂದಾಳೋ ಏನೋ, ಗಂಡಸಿನಿಂದ ಬರತೈತಂತ ನೀವ ಹೇಳಿದ್ರೆಲ್ಲ, ನನ್ನ ತಮ್ಮ ಅಂಥಾಂವಲ್ಲ. ಬೇರೆ ಏನೇನೋ ಹೇಳಿದಳು. ನಾನು ಫೋಟೋ ತೆಗೆಯದೆ ಬಂದೆ. ಅಂದೇ ಹೇಳಬೇಕಿತ್ತು, ಅಂದೇ ಮೇಡಂಗೆ ಫೋನು ಮಾಡಬೇಕಿತ್ತು, ಮಾಡಿದೆ ಕೂಡ, ಅವರು, ಫೋಟೋ ಆತೇನ್ರಿ, ಎಂದರು, ನಾನು, ಅಕಿ ಕೆಲಸಕ್ಕ ಹೋಗಿದ್ದಳ್ರಿ, ಎಂದೆ. ಎರಡನೆಯ ದಿನ ಭಾನುವಾರ. ಮೂರನೆಯ ದಿನ ಮೇಡಂ ಪರದೆಯ ಮೇಲೆ ತೋರಿಸಲು ಅಂಕಿ ಜೋಡಿಸುತ್ತಿದ್ದರು, ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೊಂಬತ್ತು, ಒಬ್ಬರೂ ತಪ್ಪಿಸಿಕೊಂಡಿಲ್ಲ, ಇಡೀ ದೇಶದಾಗ ಹಿಂಗ ಯಾರೂ ಮಾಡಿಲ್ರಿ ಶಿವದೇವಿ, ಎಂದು ನನ್ನ ಬೆನ್ನ ಮೇಲೆ ಕೈ ಇಟ್ಟರು, ಆ ಕೈ ಇಟ್ಟ ಮೇಲೆ ಹೇಳುವುದು ಹೇಗೆ. ಏಳನೆಯ ದಿನ ಸುಲ್ತಾನ್ ಬಜಾರಿಗೆ ಹೋಗಿ ಈ ಸೀರೆ ತಂದೆ, ವೇದಿಕೆಗೆಂದು. ಎತ್ತರದವಳೊಳಗಿನದು ಬೆಳೆಯಲಿ ಬಿಡಲಿ, ನಾನು ಸೀರೆಯ ಅಂಚು ನೋಡುತ್ತ ನಿಂತಿದ್ದೆ, ಹಸಿರೋ ನೀಲಿಯೋ ಎಂದು ಅಂಗಡಿಯವನನ್ನು ಅರ್ಧ ಗಂಟೆ ಕಾಡಿದೆ.

ಚಹದ ವಿರಾಮ, ಕಪ್ಪುಗಳ ಸದ್ದು, ಪ್ರೊಫೆಸರ ಸುತ್ತ ಜನ, ಮೇಡಂ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ನನ್ನ ಹತ್ತಿರವೇ ಬರುತ್ತಿದ್ದಾರೆ, ನೋಡ್ರಿ, ಮೊದಲ ತೋರಿಸಬಾರದು, ಆದರ ತಡಿಯಾಕ ಆಗವಲ್ದು, ಎಂದು ಚೀಲದೊಳಗಿನ ಶಾಲು ತೋರಿಸುತ್ತಾರೆ, ಜರಿಯ ಅಂಚು, ನನ್ನ ಭಾಷಣದ ಕಡೀಕ ನಿಮಗ ಹೊದಸೂದು, ಮೈಕ್ ಕೊಟ್ಟರ ಅಂಜಬ್ಯಾಡ್ರಿ, ಕನ್ನಡದಾಗ ಎರಡ ಮಾತು, ನಾ ಇಂಗ್ಲಿಷಿನಾಗ ಹೇಳ್ತೀನಿ. ಶಾಲಿನ ಮೇಲೆ ಅವರ ಬೆರಳು ಆಡುತ್ತಿದೆ, ನಾನು ಬಾಯಿ ತೆರೆದದ್ದು ಬೇಡ ಎನ್ನುವುದಕ್ಕೆ, ಬಂದದ್ದು ಬೇರೆ, ಇಪ್ಪತ್ತೆಂಟ್ರಿ ಮೇಡಂ, ಇಪ್ಪತ್ತೊಂಬತ್ತಲ್ಲ. ಹೇಳುತ್ತ ಹೋದೆ, ನಲವತ್ತೇಳು, ನಲವತ್ತೆಂಟು, ಕುಕ್ಕರು, ತಮ್ಮ, ಚರಿಗೆ, ಅವರು ಪಕ್ಕದ ಕುರ್ಚಿ ಎಳೆದು ಕೂತರು, ಚಹ ಕೈಯಲ್ಲೇ ಆರಿತು. ಯಾವಾಗ ಗೊತ್ತಾತ್ರಿ. ಹತ್ತೊಂಬತ್ತು ದಿನ ಆತ್ರಿ. ಅವರು ಬೈಯುತ್ತಾರೆಂದು ಕಾದೆ, ಬೈದರೆ ಎಷ್ಟು ಚೆನ್ನಾಗಿತ್ತು, ಅವರು ಹತ್ತೊಂಬತ್ತು ಎಂದು ಒಂದು ಸಲ ತಮ್ಮಷ್ಟಕ್ಕೆ ಆಡಿಕೊಂಡರು, ನಾಳೆ ಮುಂಜಾನೆ ಸೂಗಪ್ಪನ ಹೇಣ್ತೀನ್ನ ನನ್ನ ಹತ್ತರ ತರ್ರಿ, ಮೊದಲ ಅದು, ಎಂದು ಎದ್ದು ಹೋದರು. ಈಗ ಅವರು ವೇದಿಕೆಯ ಮೇಲಿದ್ದಾರೆ, ಪರದೆಯ ಮೇಲೆ ಅದೇ ಇಪ್ಪತ್ತೊಂಬತ್ತು, ಅದನ್ನು ತಿದ್ದಲು ಹೊತ್ತೆಲ್ಲಿತ್ತು, ಈ ಸಂಖ್ಯೆ ತಪ್ಪು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ, ಬಿಡಿಸಿ ಹೇಳುತ್ತಾರೆ, ಇಪ್ಪತ್ತೆಂಟು, ಒಬ್ಬಳಿಗೆ ಬೇಡದ ಚಿಕಿತ್ಸೆ, ಒಬ್ಬಳಿಗೆ ಬೇಕಾದದ್ದು ಇಲ್ಲ, ತಪ್ಪು ನಮ್ಮ ಫಾರ್ಮಿನದು, ಹೆಂಡತಿ ಗಂಡನ ಹೆಸರು ಆಡದ ಜನರ ನಡುವೆ ನಾವು ಗಂಡನ ಹೆಸರಿನ ಖಾನೆ ಮಾಡಿಟ್ಟೆವು. ಸಭೆಯಲ್ಲಿ ಗುಸುಗುಸು, ಮುಂದಿನ ಸಾಲಿನ ಹೆಂಗಸೊಬ್ಬಳು ತಲೆಯಾಡಿಸಿ ಬರೆದುಕೊಳ್ಳುತ್ತಾಳೆ, ದಿಲ್ಲಿಯಿಂದ ಬಂದವನೊಬ್ಬ ಎದ್ದು, ಬಹಳ ಮಹತ್ವದ ವಿಷಯ, ಇದನ್ನು ಎಲ್ಲರೂ ಬರೆಯಬೇಕು, ಎನ್ನುತ್ತಾನೆ, ಆ ರೂಢಿಗೆ ಅವರದೇನೋ ಇಂಗ್ಲಿಷ್ ಹೆಸರಿದೆಯಂತೆ. ಮೇಡಂ, ಅದು ಹಾಗಲ್ಲ, ಫಾರ್ಮಿನ ತಪ್ಪಲ್ಲ, ರೂಢಿಯ ತಪ್ಪಂತೂ ಅಲ್ಲವೇ ಅಲ್ಲ, ರೂಢಿಯೊಳಗೇ ದಾರಿಯಿತ್ತು, ಒಂದು ಒಡಪು ಹಾಕವ್ವಾ ಎಂದಿದ್ದರೆ ಅವಳು ನಕ್ಕು ನಾಚಿ ಹೇಳುತ್ತಿದ್ದಳು, ನನಗೆ ಅದು ಗೊತ್ತಿತ್ತು, ಇಡೀ ಸಭೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ಒಬ್ಬ ಹುಡುಗನ ತುಟಿ ಮೂಲೆಯ ನಗುವಿಗೆ ಅಂಜಿ ಬಿಟ್ಟವಳೂ ನಾನೇ — ಇದನ್ನು ಹೇಳಲು ಎದ್ದೆ ಅನ್ನಿಸುತ್ತದೆ, ಎದ್ದದ್ದನ್ನು ಬೇರೆ ತಿಳಿದರು, ಬಿಳಿ ಹುಬ್ಬಿನ ಪ್ರೊಫೆಸರು ತಾವೇ ಕೆಳಗಿಳಿದು ಬಂದರು, ಸತ್ಯ ಹೇಳುವ ಕಾರ್ಯಕರ್ತೆ ಎಂದೇನೋ ಅಂದರು, ಚೀಲದಿಂದ ಶಾಲು ತೆಗೆದು ಹೊದಿಸಿಯೇಬಿಟ್ಟರು, ಚಪ್ಪಾಳೆ, ನಾನೂರು ಜನ, ನಾನು ತುಂಬಿಟ್ಟ ನಾನೂರು ಚೀಲ ಅವರ ಮಡಿಲಲ್ಲಿ. ಮೇಡಂ ಮಾತ್ರ ಚಪ್ಪಾಳೆ ತಟ್ಟಲಿಲ್ಲ, ನನ್ನನ್ನು ನೋಡುತ್ತಿದ್ದರು.

ಕೈ ತೊಳೆಯುವ ಜಾಗದ ಪಕ್ಕ, ಮೆಟ್ಟಿಲ ಮೇಲೆ, ಶಾಲು ತೆಗೆದು ಮಡಿಚಿ ತೊಡೆಯ ಮೇಲಿಟ್ಟರೂ ಹೆಗಲು ಬಿಸಿ, ಗಿಡ್ಡ ಗದಿಗೆಮ್ಮನ ಫೋನು ನಂಬರು ಫಾರ್ಮಿನಲ್ಲಿದ್ದದ್ದು, ಅದೊಂದಾದರೂ ಅವಳದೇ, ರಿಂಗಾಗುತ್ತಿದೆ, ಎತ್ತದಿರಲಿ ಎಂದುಕೊಳ್ಳುತ್ತೇನೆ, ಎತ್ತಿದಳು. ಯಾರ್ರಿ. ನಾನವ್ವಾ, ಶಿವದೇವಿ. ಅಕ್ಕಾರ, ತಡೀರಿ, ಮಿಕ್ಸರ್ ಸಪ್ಪಳ, ಆ ಕಡಿ ಹೋಗ್ತೀನಿ. ಅವಳು ನಡೆಯುವುದು ಕೇಳುತ್ತದೆ, ಕಾಂಕ್ರೀಟ್ ಕಲಸುವ ಮಿಕ್ಸರು ದೂರವಾಗುತ್ತದೆ, ಜಲ್ಲಿಯ ಮೇಲೆ ಹೆಜ್ಜೆ, ಈಗ ಹೇಳ್ರಿ. ಮೇಡಂಗೆ ಹೇಳಿದಷ್ಟು ಉದ್ದವೂ ಬೇಕಾಗಲಿಲ್ಲ, ನಿನಗ ಏನೂ ಇರಲಿಲ್ಲವ್ವಾ, ನಾ ಹೆಸರು ತಪ್ಪು ಬರದೆ, ಇಷ್ಟೇ, ಹದಿನಾಲ್ಕು ತಿಂಗಳು ಇಷ್ಟರಲ್ಲೇ ಹಿಡಿಸಿತು. ಹಂಗಾರ ನನ್ನ ಒಳಗ ಸುಟ್ಟಿದ್ದು ಸುಮ್ಮನ ಏನ್ರಿ. ಸಿಟ್ಟಿಲ್ಲದ ದನಿ, ಸಂತೆಯಲ್ಲಿ ಧಾರಣೆ ಕೇಳುವಂಥ ದನಿ, ನಾನು ಹೂಂ ಎನ್ನುತ್ತೇನೆ. ಆಂವ ಎಂಟು ತಿಂಗಳು ನನ್ನ ಮಾರಿ ನೋಡಲಿಲ್ರಿ ಅಕ್ಕಾರ. ಹೂಂ. ಮತ್ತ ಅದು ನಮ್ಮ ನಾದಿನಿಗೆ ಐತೇನ್ರಿ ಹಂಗಾರ. ಐತಿ ಅಂತ ಬಂದಿತ್ತವ್ವಾ, ಈಗಿನದು ನೋಡಬೇಕು. ಇಷ್ಟು ದಿನ ನಾದಿನಿ ಇವಳನ್ನು ಆಡಿಕೊಂಡಳು, ಈಗ ಇವಳು ಅವಳನ್ನು ಆಡಿಕೊಳ್ಳುತ್ತಾಳೆ, ಆಡಲಿ, ನನ್ನೆದುರಿಗೇ ಆಡಲಿ ಎಂದು ಕಾಯುತ್ತೇನೆ, ಅವಳು, ಹಂಗಾರ ಲಗೂನ ಕರಕೊಂಡ ಹೋಗ್ರಿ, ಅಕಿಗೆ ಮ್ಯಾಲ ಬಾಯಿ ಜೋರು, ಒಳಗ ಭಾಳ ಅಂಜಬುರಕಿ ಅದಾಳ, ಒಬ್ಬಾಕೀನ ಕಳಸಬ್ಯಾಡ್ರಿ, ನಾನೂ ಬರತೀನಿ, ಎನ್ನುತ್ತಾಳೆ. ನಾನು ಶಾಲು ಪಕ್ಕಕ್ಕೆ ಸರಿಸಿದೆ, ಇವತ್ತ ಸಂಜಿಗೇ ಬರತೀನವ್ವಾ, ಅಕಿ ಮುಂದ, ನಿನ್ನ ಗಂಡನ ಮುಂದ, ಶೆಡ್ಡಿನವರೆಲ್ಲಾರ ಮುಂದ ನಿಂತು ಹೇಳತೀನಿ, ತಪ್ಪು ನಂದು ಅಂತ. ಹೇಳೂದ ಬ್ಯಾಡ್ರಿ ಅಕ್ಕಾರ, ಅಂದಳು, ಆಗೂ ನೀವು ಹೇಳಿದ್ರಿ, ನೀರಿಗೆ ಬರಂಗಿಲ್ಲ, ಚರಿಗಿಗೆ ಬರಂಗಿಲ್ಲ, ಕೂಡಿ ಉಂಡರ ಬರಂಗಿಲ್ಲ ಅಂತ, ಯಾರ ಕೇಳಿದ್ರು. ಬಂದರ ನನ್ನ ಚರಿಗಿಲೆ ನೀರ ಕುಡೀರಿ, ಎಲ್ಲಾರೂ ನೋಡೂಹಂಗ. ಕುಡೀತೀನವ್ವಾ. ಅವತ್ತ ನೀವೂ ಕೈ ಹಿಂದಕ್ಕ ತಗೊಂಡ್ರಿ, ನಾ ಒಳಗ ಕುಂತು ನೋಡೀನಿ. ಮಿಕ್ಸರು ಕರೆದಿರಬೇಕು, ಇಡತೀನ್ರಿ, ಎಂದಳು, ಇಟ್ಟಳು. ನೋಡಿದಳು, ಒಳಗಿದ್ದಳು, ಇವಳು ಒಳಗೇ ಇದ್ದಳು, ಮುಟ್ಟಬ್ಯಾಡ್ರಿ ಎಂದ ಕೂಡಲೇ, ಇನ್ನೂ ಹೆಸರಿನ ತಪ್ಪು ಗೊತ್ತಾಗುವುದಕ್ಕೂ ಮೊದಲು, ಮುನ್ನೂರಹನ್ನೆರಡು ಜನರಿಗೆ ಬಾಯಿಪಾಠದ ಹಾಗೆ ಬರಂಗಿಲ್ಲ ಬರಂಗಿಲ್ಲ ಎಂದು ಹೇಳಿದ ನಾನು, ಬೆಂಕಿ ತಾಗಿದವಳ ಹಾಗೆ, ಬೆರಳ ತುದಿ ಸ್ಟೀಲಿಗೆ ಆಗಲೇ ತಾಗಿತ್ತು, ತಣ್ಣಗಿತ್ತು, ಎಳೆದುಕೊಂಡು ಸೀರೆಗೆ ಒರೆಸಿದೆ, ಒರೆಸಿದ್ದೂ ಕಂಡಿರಬೇಕು, ಸಂಜೆಗೆ ಕುಡಿಯುತ್ತೇನೆ, ಗಟಗಟ ಕುಡಿಯುತ್ತೇನೆ, ಎಲ್ಲರೂ ನೋಡುತ್ತಾರೆ, ಅವಳೂ ನೋಡುತ್ತಾಳೆ, ಆದರೆ ಅವಳು ನೋಡುವುದು ಇದನ್ನೇ, ತಾಗಿ ಹಿಂದಕ್ಕೆ ಬಂದ ಕೈ, ತಾಗಿದ್ದಕ್ಕೆ ಮೊಳೆಯಲ್ಲಿ ಸ್ವಲ್ಪ ಅಲುಗಿದ ಚರಿಗೆ, ಕೊರಳಿನ ಕೆಂಪು ದಾರ, ಅಲುಗುತ್ತಿದೆ, ನಿಲ್ಲುತ್ತಿಲ್ಲ, ಚರಿಗೆ, ಮೊಳೆಯಲ್ಲಿ, ಆ ಚರಿಗೆ